ಮಳೆ ಕೈಕೊಟ್ಟ ವರ್ಷದ ಹಿಂಗಾರಿ ಹಿತ್ತಲು

ಕೇಳುಗರೆಲ್ಲರಿಗೂ ನಮಸ್ಕಾರ. ಮುಂಗಾರು ಕೈಕೊಟ್ಟ ವರ್ಷ, ಸೊರಗಿ ನಿಂತ ಹಿತ್ತಲಿನ ಕೈತೋಟವನ್ನು ಹಿಂಗಾರಿನ ದಿನಗಳಲ್ಲಿ ಮತ್ತೆ ಚಿಗುರಿಸುವ ಬಗೆಯನ್ನು ಕುರಿತು ಇಂದು ಮಾತನಾಡುತ್ತೇನೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ತುಮಕೂರು ಸೀಮೆಯ ಕೆಂಪು ಮಣ್ಣಿನ ನಮ್ಮ ಹಿತ್ತಲೂ ಆಗ ಬಾಡಿತ್ತು. ನಾನು ಹೇಳುವುದರಲ್ಲಿ ಹೆಚ್ಚಿನದು ಆ ವರ್ಷ ಕಲಿತದ್ದು.

ಒಂದು ಸಂಜೆ ಹಸ್ತ ಮಳೆ ನಾಲ್ಕು ಹನಿ ಚೆಲ್ಲಿದ್ದೇ ತಡ, ಕತ್ತಲಾಗುವ ಮೊದಲೇ ಮೂಲಂಗಿ, ಮೆಂತ್ಯದ ಬೀಜ ಹಾಕಿಬಿಟ್ಟೆ. ಮೊಳಕೆ ಬಂದದ್ದು ಅಲ್ಲೊಂದು ಇಲ್ಲೊಂದು. ಕುಡುಗೋಲಿನ ಮೊನೆಯಿಂದ ಕೆದಕಿ ನೋಡಿದರೆ ಮೇಲಿನ ಎರಡು ಬೆರಳಿನಷ್ಟು ಮಣ್ಣು ಮಾತ್ರ ನೆನೆದಿತ್ತು. ಅದರಡಿಯಲ್ಲೆಲ್ಲ ಹಿಟ್ಟಿನಂಥ ಧೂಳು. ತಿಂಗಳುಗಟ್ಟಲೆ ಒಣಗಿದ ಮಣ್ಣು ನೀರನ್ನು ಒಡನೆ ಹೀರುವುದಿಲ್ಲ, ಪಕ್ಕಕ್ಕೆ ಹರಿಯಬಿಡುತ್ತದೆ. ಆದ್ದರಿಂದ ಒಮ್ಮೆಗೇ ಕೊಡಗಟ್ಟಲೆ ಸುರಿಯದೆ, ತೆಳುವಾಗಿ ಚಿಮುಕಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಚಿಮುಕಿಸಿ, ಹೀಗೆ ಮೂರು ನಾಲ್ಕು ಸಲ ಮಾಡಿ, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ, ಮೇಲೆ ಹೊಂಗೆಯ ಸೊಪ್ಪು ಹೊದಿಸಿ ಒಂದು ವಾರವಾದರೂ ಬಿಡಬೇಕು. ಮುಷ್ಟಿಯಲ್ಲಿ ಹಿಡಿದಾಗ ಉಂಡೆಯಾಗಿ, ಬೆರಳಿನಿಂದ ತಟ್ಟಿದಾಗ ಉದುರಿದರೆ ಮಣ್ಣು ಹದಕ್ಕೆ ಬಂದಿದೆ ಎಂದರ್ಥ. ಅಲ್ಲಿಯವರೆಗೆ ಬೀಜ ಡಬ್ಬಿಯಲ್ಲೇ ಇರಲಿ.

ಬೇಸಿಗೆಯಿಡೀ ಕೊಳವೆಬಾವಿಯ ಗಡಸು ನೀರು ಕುಡಿದ ಮಡಿಗಳ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿರುತ್ತದೆ. ಅದು ಲವಣ. ಹುರುಳಿಕಾಯಿ ಅದನ್ನು ಸ್ವಲ್ಪವೂ ತಾಳದು, ಎಲೆಯ ಅಂಚು ಸುಟ್ಟಂತಾಗುತ್ತದೆ. ಮಾಡಿನಿಂದ ಇಳಿಯುವ ಮಳೆನೀರನ್ನು ಹಿಡಿದಿಟ್ಟು ಆ ಮಡಿಗಳಿಗೇ ಧಾರಾಳವಾಗಿ ಹಾಯಿಸಿದರೆ ಲವಣ ಬೇರಿನ ಕೆಳಕ್ಕೆ ಇಳಿದುಹೋಗುತ್ತದೆ.

ಹಳೆಯ ಬದನೆ ಗಿಡಗಳನ್ನು ಕಿತ್ತು ಬಿಸಾಡುವುದು ನನಗೆ ಒಪ್ಪಿಗೆಯಿಲ್ಲ. ಮೇಲೆ ಕಡ್ಡಿಯಾಗಿ ಕಂಡರೂ ಅವುಗಳ ಬೇರು ಆಳಕ್ಕಿಳಿದು ಬರವನ್ನು ದಾಟಿ ಬಂದಿರುತ್ತದೆ. ನೆಲದಿಂದ ಒಂದು ಗೇಣು ಎತ್ತರಕ್ಕೆ ಓರೆಯಾಗಿ ಕತ್ತರಿಸಿ, ಬುಡ ಸಡಿಲಿಸಿ, ಒಂದು ಮಂಕರಿ ಗೊಬ್ಬರ ಕೊಟ್ಟೆ. ಕೆಲವೇ ದಿನಗಳಲ್ಲಿ ಒಣಗಿದಂತಿದ್ದ ತೊಗಟೆಯನ್ನು ಸೀಳಿಕೊಂಡು, ಸಾಸಿವೆ ಕಾಳಿನಷ್ಟು ನೇರಳೆ ಬಣ್ಣದ ಮೊಗ್ಗುಗಳು ಮೂಡಿದವು. ಆ ಬೆಳಗ್ಗೆ ಮನೆಯವರನ್ನೆಲ್ಲ ಕರೆದು ತೋರಿಸಿದ್ದು ನೆನಪಿದೆ. ಆದರೆ ಎಲೆಗಳೆಲ್ಲ ಕಿರಿದಾಗಿ ಗೊಂಚಲು ಗೊಂಚಲಾಗಿ ಬರುತ್ತಿರುವ ಗಿಡಕ್ಕೆ ಈ ಕರುಣೆ ಸಲ್ಲದು. ಅದು ಜಿಗಿಹುಳು ಹರಡುವ ಕಿರು ಎಲೆ ರೋಗ. ಬೇರುಸಹಿತ ಕಿತ್ತು ಸುಡಬೇಕು.

ಬಿತ್ತನೆಯ ಮಾತು ಹೆಚ್ಚಿಲ್ಲ. ಕೊತ್ತಂಬರಿಯನ್ನು ಎರಡು ಹೋಳಾಗುವಂತೆ ಉಜ್ಜಿ ಹಾಕಿ. ಮೂಲಂಗಿಯ ಮಡಿಗೆ ಹಸಿ ಗೊಬ್ಬರ ಬೇಡ, ಗೆಡ್ಡೆ ಕವಲೊಡೆಯುತ್ತದೆ. ಟೊಮೇಟೊಗೆ ಒಂದು ದಿನ ತುಂಬ, ನಾಲ್ಕು ದಿನ ಏನೂ ಇಲ್ಲ ಎಂಬಂತೆ ನೀರು ಕೊಟ್ಟರೆ, ಕಾಯಿಯ ತುದಿಗೆ ಸುಣ್ಣದ ಅಂಶ ತಲುಪದೆ ಅಲ್ಲಿ ಕಪ್ಪು ಕೊಳೆ ಬೀಳುತ್ತದೆ.

ಇನ್ನು ಅವರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷದ ಯಾವ ಕಾಲದಲ್ಲೂ ಹೂಬಿಡುತ್ತವೆ. ಜಾಗ ಕಡಿಮೆ ಇರುವವರಿಗೆ ಅವು ಅನುಕೂಲ. ನನ್ನ ಒಲವು ಮಾತ್ರ ಬೇಲಿಗೆ ಹಬ್ಬುವ ನಾಟಿ ಅವರೆಯ ಕಡೆಗೇ. ಹಗಲು ಕಿರಿದಾದಾಗಲೇ ಅದು ಹೂಬಿಡುವುದರಿಂದ, ಬರದ ವರ್ಷ ತಡವಾಗಿ ಬಿತ್ತಿದರೂ ಬಳ್ಳಿ ಗಿಡ್ಡವಾದೀತೇ ಹೊರತು ಹೂವು ತಪ್ಪುವುದಿಲ್ಲ. ಆ ವರ್ಷ ನಮ್ಮ ಬಳ್ಳಿ ಸೊಂಟದೆತ್ತರ ದಾಟಲಿಲ್ಲ. ಆದರೂ ಚಳಿ ಬಿದ್ದ ಮೇಲೆ, ಮುಂಜಾನೆಯ ಇಬ್ಬನಿಯಲ್ಲಿ ಕಾಯಿ ಬಿಡಿಸಿದಾಗ, ಸೊಗಡು ಅಂಗೈಗೆ ಅಂಟಿ ಮಧ್ಯಾಹ್ನದ ಊಟದವರೆಗೂ ಉಳಿದಿತ್ತು. ನಮಸ್ಕಾರ.