ನಾವು ಚೀಟಿಯಲ್ಲಿ ಬರೆಯದೆ ಬಿಡುವುದು: ಬೋಲ್ಟ್, ಸ್ಕ್ರೂ ತರಿಸುವ ಬಗ್ಗೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯಿಂದ ಬಂದಿರುವ ಅಕ್ಕಿ ಗಿರಣಿ ಫಿಟ್ಟರ್‌ಗಳಿಗೆ, ಸ್ಟೋರ್ ನೋಡಿಕೊಳ್ಳುವವರಿಗೆ, ಐಟಿಐ ವಿದ್ಯಾರ್ಥಿಗಳಿಗೆ ನಮಸ್ಕಾರ. ಭತ್ತದ ಸುಗ್ಗಿಗೆ ಮುಂಚೆ ಎಲ್ಲ ಗಿರಣಿಗಳಲ್ಲೂ ರಿಪೇರಿ ನಡೆಯುತ್ತದೆ, ಅದಕ್ಕೆ ಬೇಕಾದ ಸಾಮಾನಿನ ಪಟ್ಟಿಯೂ ಈಗಲೇ ಹೊರಡುತ್ತದೆ. ಹಾಗಾಗಿ ಆ ಪಟ್ಟಿಯ ಬಗ್ಗೆಯೇ ಮಾತಾಡುತ್ತೇನೆ.

ನಮ್ಮ ಕಡೆ ಹಾರ್ಡ್‌ವೇರ್ ಅಂಗಡಿಗೆ ಹೋಗುವ ಚೀಟಿಯಲ್ಲಿ ಸಾಮಾನ್ಯವಾಗಿ ಹೀಗೆ ಬರೆದಿರುತ್ತದೆ: "12ರ ಬೋಲ್ಟ್, ಎರಡು ಇಂಚು, 100." ದಪ್ಪ ಮಿಲಿಮೀಟರಿನಲ್ಲಿ, ಉದ್ದ ಇಂಚಿನಲ್ಲಿ. ಅಂಗಡಿಯಲ್ಲಿ ತಿಳಿದವರು ಕೂತಿದ್ದರೆ ತಿರುಗಿ ಕೇಳುತ್ತಾರೆ: "ಫುಲ್ ಥ್ರೆಡ್ಡೋ ಹಾಫ್ ಥ್ರೆಡ್ಡೋ? ಎಂಎಸ್ ಕೊಡ್ಲೋ, ಹೈಟೆನ್ಸಿಲ್ ಕೊಡ್ಲೋ? ನಟ್ ಸೇರಿಸ್ಲೇನ್ರಿ?" (ಎಂಎಸ್ ಅಂದರೆ ಸಾದಾ ಮೆತ್ತನೆಯ ಉಕ್ಕು, ಹೈಟೆನ್ಸಿಲ್ ಅಂದರೆ ಹೆಚ್ಚು ಎಳೆತ ತಡೆಯುವ ಗಟ್ಟಿ ಉಕ್ಕು.) ಕೇಳದವರು ಗೋದಾಮಿನಲ್ಲಿ ಇದ್ದದ್ದನ್ನು ಕಟ್ಟಿ ಕಳಿಸುತ್ತಾರೆ. ಅದನ್ನು ಮೋಸ ಅನ್ನಲಾಗದು. ನೀವು ಖಾಲಿ ಬಿಟ್ಟ ಜಾಗವನ್ನು ಅವರು ತುಂಬಿದ್ದಾರೆ, ಅಷ್ಟೆ. ಆ ಜಾಗ ಯಾವುದೆಂದು ನಿಮಗೇ ಗೊತ್ತಿರಬೇಕು, ಅದನ್ನು ನೀವೇ ತುಂಬಬೇಕು ಎಂಬುದೇ ನನ್ನ ಇವತ್ತಿನ ಮಾತು.

ಮೊದಲು ಥ್ರೆಡ್, ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೆರೆ. ಹೆಚ್ಚಿನ ಗೊಂದಲ ಇರುವುದು ಇಲ್ಲೇ.

ಮೇಜಿನ ಮೇಲಿರುವ ಈ ಎರಡು ಬೋಲ್ಟ್ ನೋಡಿ. ಒಂದು ಎಂ8, ಅಂದರೆ ಮೆಟ್ರಿಕ್ ಅಳತೆಯ 8 ಮಿ.ಮೀ. ಬೋಲ್ಟ್; ಇನ್ನೊಂದು ಎರಡೂವರೆ ಸೂತ್ (ಇಂಚಿನ ಎಂಟನೇ ಒಂದು ಭಾಗ ಒಂದು ಸೂತ್), ಅಂದರೆ 5/16 ಇಂಚು. ವರ್ನಿಯರ್ ಹಿಡಿದರೆ ಎರಡೂ ಸುಮಾರು 7.9 ಮಿ.ಮೀ. ತೋರಿಸುತ್ತವೆ. ಎಂ8 ಬೋಲ್ಟನ್ನು ಯಾವಾಗಲೂ 8ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಮಾಡುತ್ತಾರೆ, ಇಲ್ಲದಿದ್ದರೆ ನಟ್ ಏರುವುದಿಲ್ಲ. 5/16 ಇಂಚಿನ ಲೆಕ್ಕದ ಅಳತೆಯೇ 7.94. ಹಾಗಾದರೆ ದಪ್ಪ ನೋಡಿ ಇವೆರಡನ್ನು ಬೇರೆ ಮಾಡಲು ಸಾಧ್ಯವೇ ಇಲ್ಲ. ಈಗ ಹತ್ತು ಥ್ರೆಡ್‌ಗಳ ಅಂತರ ಅಳೆಯೋಣ: ಒಂದು ತುದಿಯಿಂದ ಶುರುಮಾಡಿ ಹತ್ತು ತುದಿ ದಾಟಿದ ಮೇಲೆ ಸಿಗುವ ಅಳತೆ. ಎಂ8ಕ್ಕೆ 12.5 ಮಿ.ಮೀ. ಬಂತು. ಹತ್ತರಿಂದ ಭಾಗಿಸಿದರೆ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ಅಂತರ, 1.25. ಇನ್ನೊಂದಕ್ಕೆ 14.1 ಬಂತು. ಇಂಚಿಗೆ 18 ಥ್ರೆಡ್ ಇದ್ದರೆ ಅಷ್ಟೇ ಬರಬೇಕು, 25.4ನ್ನು 18ರಿಂದ ಭಾಗಿಸಿ ನೋಡಿ. ಒಂದರ ನಟ್ ಇನ್ನೊಂದಕ್ಕೆ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. "ಎಣ್ಣೆ ಹಾಕು, ಪಾನಾ ಹಾಕಿ ಎಳಿ" ಅಂತ ಯಾರೋ ಹೇಳುತ್ತಾರೆ. ಎಳೆದರೆ ನಟ್ ಕೂರುತ್ತದೆ, ಆದರೆ ಒಳಗಿನ ಥ್ರೆಡ್ ಸವೆದು ಹೋಗಿರುತ್ತದೆ. ಅಲುಗಾಡುವ ಜಾಲರಿಯ ಮೇಲೆ ಅಂಥ ನಟ್ ನಿಲ್ಲುವುದಿಲ್ಲ.

ಈ ಇಂಚಿನ ಥ್ರೆಡ್ ಇನ್ನೂ ಯಾಕೆ ಇದೆ? ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಥ್ರೆಡ್‌ಗಳಿಗೆ ಒಂದೇ ಅಳತೆ ಇರಲಿ ಎಂದು 55 ಡಿಗ್ರಿ ಕೋನದ ಪದ್ಧತಿಯನ್ನು ಮುಂದಿಟ್ಟರು. ಬಿಎಸ್‌ಡಬ್ಲ್ಯೂ (ಬ್ರಿಟಿಷ್ ಸ್ಟ್ಯಾಂಡರ್ಡ್ ವಿಟ್‌ವರ್ತ್) ಎಂದು ಕ್ಯಾಟಲಾಗಿನಲ್ಲಿ ಕಾಣುವುದು ಅದೇ. ನಮ್ಮ ದೇಶದಲ್ಲಿ ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ. ಅದಕ್ಕೂ ಮುಂಚಿನ ಕೆಲಸವೆಲ್ಲ ಅಡಿ-ಇಂಚಿನದು. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳನ್ನು ಇಂದಿಗೂ 60 ಅಡಿ ಅಗಲ, 20 ಅಡಿ ಎತ್ತರ ಎಂದೇ ಹೇಳುತ್ತೇವೆ. ನಿಮ್ಮ ಗಿರಣಿಯ ಹಳೆಯ ಶಾಫ್ಟಿಂಗ್, ಹಳೆಯ ಪುಲ್ಲಿ ಬ್ರಾಕೆಟ್‌ಗಳಲ್ಲೂ ಇಂಚಿನ ತೂತು, ಇಂಚಿನ ಥ್ರೆಡ್ ಇರಬಹುದು. ಅಮೆರಿಕದ ಯುಎನ್‌ಸಿ ಇನ್ನೊಂದು ಬಗೆ, ಅದರ ಕೋನ 60 ಡಿಗ್ರಿ. ಅರ್ಧ ಇಂಚಿನ ಬಿಎಸ್‌ಡಬ್ಲ್ಯೂಗೆ ಇಂಚಿಗೆ 12 ಥ್ರೆಡ್, ಯುಎನ್‌ಸಿಗೆ 13. ಹಾಗಾಗಿ "ನಾಲ್ಕು ಸೂತ್" ಎಂದಷ್ಟೇ ಬರೆದರೆ ಸಾಲದು, ಬಿಎಸ್‌ಡಬ್ಲ್ಯೂ ಎಂದೂ ಬರೆಯಿರಿ.

ಮೆಟ್ರಿಕ್‌ನಲ್ಲಿ ಪಿಚ್ ಬರೆಯದಿದ್ದರೆ ಕೋರ್ಸ್ ಥ್ರೆಡ್, ಅಂದರೆ ಅಗಲ ಅಂತರದ ಥ್ರೆಡ್, ಎಂದೇ ಅರ್ಥ. ಎಂ6ಕ್ಕೆ 1, ಎಂ8ಕ್ಕೆ 1.25, ಎಂ10ಕ್ಕೆ 1.5, ಎಂ12ಕ್ಕೆ 1.75, ಎಂ16ಕ್ಕೆ 2, ಎಂ20ಕ್ಕೆ 2.5. ಗಿರಣಿ ಕೆಲಸಕ್ಕೆ ಹೆಚ್ಚಾಗಿ ಇವೇ ಸಾಕು. ಆದರೆ ಟ್ರ್ಯಾಕ್ಟರ್, ಲಾರಿ, ಗೇರ್‌ಬಾಕ್ಸ್‌ಗಳಲ್ಲಿ ಫೈನ್ ಥ್ರೆಡ್, ಅಂದರೆ ಒತ್ತಾದ ಥ್ರೆಡ್, ಬರುತ್ತದೆ. ಎಂ10ರಲ್ಲಿ 1.25 ಇದೆ, ಎಂ12ರಲ್ಲಿ 1.25 ಮತ್ತು 1.5 ಎರಡೂ ಇವೆ. ಅಂಥದ್ದು ಬೇಕಾದಾಗ ಪಿಚ್ ಬರೆಯಲೇಬೇಕು: ಎಂ12 × 1.5 × 50. ಎಡಗೈ ಥ್ರೆಡ್ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವುದು) ಆದರೆ ಅದನ್ನೂ ಸೇರಿಸಿ.

ಉದ್ದಕ್ಕೆ ಬರೋಣ. ಷಟ್ಕೋನ ತಲೆಯ ಬೋಲ್ಟಿನ ಉದ್ದ ತಲೆಯ ಕೆಳಗಿನಿಂದ ತುದಿಯವರೆಗೆ. ಕೌಂಟರ್‌ಸಂಕ್ ಸ್ಕ್ರೂಗೆ ತಲೆಯೂ ಸೇರಿ ಉದ್ದ, ಏಕೆಂದರೆ ಅದರ ತಲೆ ಕೆಲಸದೊಳಗೇ ಮುಳುಗುತ್ತದೆ. ಎಷ್ಟು ಉದ್ದ ಬೇಕೆಂದು ಅಂದಾಜು ಹೊಡೆಯುವ ಬದಲು ಕೂಡಿಸಿ ನೋಡಿ. 10 ಮಿ.ಮೀ. ದಪ್ಪದ ಎರಡು ಪ್ಲೇಟ್ ಸೇರಿ 20. ಎಂ12ರ ಎರಡು ವಾಷರ್‌ಗೆ 5. ನಟ್ ಸುಮಾರು 11. ನಟ್ ದಾಟಿ ಎರಡು ಥ್ರೆಡ್ ಹೊರಗಿರಬೇಕು, ಅದಕ್ಕೆ 3.5. ಒಟ್ಟು 39.5. 40 ತರಿಸಿದರೆ ಪೇಂಟಿನ ದಪ್ಪಕ್ಕೂ ಜಾಗ ಉಳಿಯುವುದಿಲ್ಲ, 45 ತರಿಸಿ.

ಫುಲ್ ಥ್ರೆಡ್, ಹಾಫ್ ಥ್ರೆಡ್ ಎಂಬುದನ್ನು ಬಹಳ ಜನ ಬರೆಯುವುದೇ ಇಲ್ಲ. ಕ್ಯಾಟಲಾಗಿನಲ್ಲಿ ಡಿನ್ (ಜರ್ಮನ್ ಮಾನಕ) 933 ಅಂದರೆ ಪೂರ್ತಿ ಥ್ರೆಡ್, ಡಿನ್ 931 ಅಂದರೆ ಅರ್ಧ. ಹೆಸರಿಗೆ ಅರ್ಧ ಅಂದರೂ ಲೆಕ್ಕ ಬೇರೆ: 125 ಮಿ.ಮೀ. ಉದ್ದದವರೆಗೆ ಥ್ರೆಡ್ ಇರುವ ಭಾಗ ವ್ಯಾಸದ ಎರಡರಷ್ಟು, ಮೇಲೆ 6. ಎಂ12 × 80ರಲ್ಲಿ ಥ್ರೆಡ್ 30, ಉಳಿದ 50 ನುಣುಪು. ಎರಡು ಪ್ಲೇಟ್‌ಗಳು ಒಂದರ ಮೇಲೊಂದು ಜಾರುವ ಹಾಗೆ ಬಲ ಬೀಳುವ ಕಡೆ, ಉದಾಹರಣೆಗೆ ಎರಡು ಶಾಫ್ಟ್ ಜೋಡಿಸುವ ಕಪ್ಲಿಂಗ್‌ನಲ್ಲಿ, ಆ ನುಣುಪು ಭಾಗವೇ ಪ್ಲೇಟ್‌ಗಳು ಸೇರುವ ಗೆರೆಯ ಮೇಲೆ ಇರಬೇಕು. ಥ್ರೆಡ್ ಇರುವ ಕಡೆ ಉಕ್ಕು ತೆಳ್ಳಗಾಗಿರುತ್ತದೆ, ಪ್ರತಿ ಥ್ರೆಡ್ಡಿನ ಬುಡವೂ ಬಿರುಕು ಶುರುವಾಗುವ ಜಾಗ.

ಈಗ ಗಟ್ಟಿತನ. ತಲೆಯ ಮೇಲೆ 8.8 ಎಂದು ಅಚ್ಚೊತ್ತಿರುವುದನ್ನು ಎಲ್ಲರೂ ನೋಡಿದ್ದೀರಿ. ಮೊದಲ 8ನ್ನು ನೂರರಿಂದ ಗುಣಿಸಿ: ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯುವ ಉಕ್ಕು. ಚುಕ್ಕೆಯ ನಂತರದ 8 ಹೇಳುವುದು ಅದರ ಶೇಕಡಾ 80ರವರೆಗೆ, ಅಂದರೆ 640ರವರೆಗೆ ಎಳೆದರೂ ಬಿಟ್ಟ ಮೇಲೆ ಬೋಲ್ಟ್ ಮೊದಲಿನ ಉದ್ದಕ್ಕೆ ಬರುತ್ತದೆ, ಅದು ದಾಟಿದರೆ ಹಿಗ್ಗಿಯೇ ಉಳಿಯುತ್ತದೆ ಎಂದು. ಎಂ12ರ ಥ್ರೆಡ್ ಭಾಗದಲ್ಲಿ ಎಳೆತ ಹೊರುವ ವಿಸ್ತೀರ್ಣ 84.3 ಚದರ ಮಿ.ಮೀ. ಹಾಗಾದರೆ 8.8ರ ಒಂದು ಎಂ12 ಬೋಲ್ಟ್ ತುಂಡಾಗಲು ಸುಮಾರು 6.9 ಟನ್ ಎಳೆತ ಬೇಕು. ಎಂಎಸ್ ಬೋಲ್ಟ್ ಅನ್ನುತ್ತೇವಲ್ಲ, ಆ 4.6ರದ್ದು 3.4 ಟನ್ನಿಗೇ ಹೋಗುತ್ತದೆ. ನೋಡಲು ಎರಡೂ ಒಂದೇ ಥರ. ತಲೆಯ ಮೇಲೆ ಅಂಕಿಯೂ ತಯಾರಕರ ಗುರುತೂ ಇಲ್ಲದ ಬೋಲ್ಟನ್ನು ನಾನು ಹೈಟೆನ್ಸಿಲ್ ಎಂದು ಒಪ್ಪುವುದಿಲ್ಲ, ಕೊಡುವವರು ಎಷ್ಟೇ ಪರಿಚಯದವರಾಗಿರಲಿ. ನೀವೂ ಒಪ್ಪಬೇಡಿ. ಬೋಲ್ಟ್ 8.8 ಆದರೆ ನಟ್ 8ರದ್ದು, 10.9 ಆದರೆ ನಟ್ 10ರದ್ದು ಎಂದು ಅದನ್ನೂ ಬರೆಯಿರಿ. ಮೆತ್ತನೆಯ ನಟ್ ಹಾಕಿದರೆ ಗಟ್ಟಿ ಬೋಲ್ಟಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ.

ಸ್ಟೇನ್‌ಲೆಸ್ ಅಂದರೆ ಎಲ್ಲಕ್ಕಿಂತ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿದೆ. ಅದು ಸರಿಯಲ್ಲ. ಎ2-70 ಎಂದಿದ್ದರೆ 304 ಜಾತಿಯ ಉಕ್ಕು, ತಡೆಯುವುದು 700. ಎ4-80 ಅಂದರೆ 316 ಜಾತಿ, 800. ಭತ್ತ ಕುದಿಸುವ ತೊಟ್ಟಿಗಳ ಹತ್ತಿರ ಹಬೆ, ನೀರು ಇರುವುದರಿಂದ ಸ್ಟೇನ್‌ಲೆಸ್ ಬೇಕು, ತುಕ್ಕಿಗಾಗಿ. ಅದನ್ನು ಬಿಗಿ ಮಾಡುವಾಗ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ನಿಧಾನ ತಿರುಗಿಸಿ. ಒಣದಾಗಿ, ಜೋರಾಗಿ ತಿರುಗಿಸಿದರೆ ಸ್ಟೇನ್‌ಲೆಸ್ ನಟ್ ಬೋಲ್ಟಿಗೇ ಕಚ್ಚಿಕೊಂಡು ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ.

ಲೇಪನದ ಬಗ್ಗೆ: ಅಂಗಡಿಯಲ್ಲಿ "ಜಿಐ" ಎಂದು ಕೊಡುವ ಹೊಳೆಯುವ ಬೋಲ್ಟ್ ಬಹುತೇಕ ತೆಳುವಾದ ಜಿಂಕ್ ಪ್ಲೇಟಿಂಗ್ ಆಗಿರುತ್ತದೆ, ಕೆಲವೇ ಮೈಕ್ರಾನ್. ಮಳೆ-ಬಿಸಿಲಿಗೆ ಬಯಲಲ್ಲಿ ನಿಲ್ಲುವ ಶೆಡ್ಡಿಗೆ, ಸೈಲೋಗೆ ಬೇಕಾದರೆ "ಹಾಟ್ ಡಿಪ್ ಗ್ಯಾಲ್ವನೈಸ್ಡ್" ಎಂದು ಪೂರ್ತಿ ಬರೆಯಿರಿ. ಆ ಲೇಪನ ದಪ್ಪ, ಆದ್ದರಿಂದ ಅದರ ನಟ್ಟಿನ ಥ್ರೆಡ್ ಸ್ವಲ್ಪ ದೊಡ್ಡದಾಗಿ ಕೊರೆದಿರುತ್ತಾರೆ. ಬೋಲ್ಟ್, ನಟ್ ಒಂದೇ ಕಡೆಯಿಂದ ಜೋಡಿಯಾಗಿ ತರಿಸಿ. ಕಪ್ಪು ಬಣ್ಣದ 12.9 ಅಲೆನ್ ಬೋಲ್ಟನ್ನು (ತಲೆಯಲ್ಲಿ ಷಟ್ಕೋನ ಕುಳಿ ಇರುವುದು) ಚೆಂದ ಕಾಣಲಿ ಎಂದು ಪ್ಲೇಟಿಂಗ್‌ಗೆ ಕಳಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಅಷ್ಟು ಗಟ್ಟಿ ಉಕ್ಕಿನೊಳಕ್ಕೆ ಸೇರುತ್ತದೆ. ಬಿಗಿ ಮಾಡಿದಾಗ ಏನೂ ಆಗುವುದಿಲ್ಲ, ಮರುದಿನ ಬೆಳಿಗ್ಗೆ ನೋಡಿದರೆ ತಲೆ ಕಳಚಿ ಬಿದ್ದಿರುತ್ತದೆ.

ತಲೆಯ ಆಕಾರ ಗಿರಣಿಯವರಿಗೆ ಎಲ್ಲಕ್ಕಿಂತ ಮುಖ್ಯವಾಗುವುದು ಭತ್ತವನ್ನು ಬಕೆಟ್‌ಗಳಲ್ಲಿ ಮೇಲಕ್ಕೆತ್ತುವ ಎಲಿವೇಟರಿನಲ್ಲಿ. ಬಕೆಟ್ ಬೋಲ್ಟಿನ ತಲೆ ಅಗಲವಾಗಿ, ಚಪ್ಪಟೆಯಾಗಿರಬೇಕು, ಬೆಲ್ಟಿನಲ್ಲಿ ಅಮರಿ ಕೂರಬೇಕು. ಸಿಗಲಿಲ್ಲವೆಂದು ಷಟ್ಕೋನ ತಲೆಯದ್ದನ್ನು ಹಾಕಿದರೆ ಪ್ರತಿ ಸುತ್ತಿಗೂ ಅದು ಪುಲ್ಲಿಗೆ ಬಡಿಯುತ್ತದೆ, ಬೆಲ್ಟ್ ಹರಿಯುತ್ತದೆ. ಕಳಚಿದ ಬೋಲ್ಟ್ ಮ್ಯಾಗ್ನೆಟ್ ತಪ್ಪಿಸಿಕೊಂಡು ಭತ್ತದ ಸಿಪ್ಪೆ ಬಿಡಿಸುವ ಶೆಲ್ಲರ್‌ಗೆ ಹೋದರೆ ರಬ್ಬರ್ ರೋಲಿನ ಕಥೆ ಮುಗಿಯಿತು. ಅಲುಗಾಟ ಇರುವ ಕಡೆ ನೈಲಾಕ್ ನಟ್ ಒಳ್ಳೆಯದು, ಆದರೆ ಹೊಟ್ಟಿನ ಬಾಯ್ಲರ್ ಪಕ್ಕ ಬೇಡ. 120 ಡಿಗ್ರಿ ದಾಟಿದರೆ ಒಳಗಿನ ನೈಲಾನ್ ಹಿಡಿತ ಬಿಡುತ್ತದೆ.

ಪಾನಾದ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಡಿನ್ ಪ್ರಕಾರ ಎಂ12ಕ್ಕೆ 19ರ ಪಾನಾ, ಎಂ10ಕ್ಕೆ 17. ಐಎಸ್‌ಒ (ಅಂತರರಾಷ್ಟ್ರೀಯ ಮಾನಕ) ಪ್ರಕಾರ 18 ಮತ್ತು 16. ಎರಡನ್ನೂ ಬೆರೆಸಿ ತರಿಸಿದರೆ ರಾತ್ರಿ ಪಾಳಿಯವರು ದೊಡ್ಡ ಪಾನಾ ಹಾಕಿ ಮೂಲೆ ಸವೆಸುತ್ತಾರೆ.

ಶೆಡ್ಡಿನ ಶೀಟ್ ಹಾಕುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂನ ಅಂಕಿ ಬೇರೆ ಥರ. 12-14 × 55 ಎಂದರೆ 12 ನಂಬರಿನ ದಪ್ಪ, ಅಂದರೆ ಸುಮಾರು 5.5 ಮಿ.ಮೀ.; ಇಂಚಿಗೆ 14 ಥ್ರೆಡ್; 55 ಮಿ.ಮೀ. ಉದ್ದ. ಇಲ್ಲಿ 12 ಎಂಬುದು ಮಿಲಿಮೀಟರ್ ಅಲ್ಲ.

ಹಾಗಾದರೆ ಮೊದಲಿನ ಆ ಚೀಟಿ ಹೀಗಾಗುತ್ತದೆ, ಬೋರ್ಡಿನ ಮೇಲೆ ಬರೆಯುತ್ತೇನೆ, ಬೇಕಾದವರು ಫೋಟೊ ತೆಗೆದುಕೊಳ್ಳಿ: "ಷಟ್ಕೋನ ತಲೆಯ ಬೋಲ್ಟ್, ಎಂ12 × 1.75 × 50, ಫುಲ್ ಥ್ರೆಡ್, ಡಿನ್ 933, ಗ್ರೇಡ್ 8.8, ಜಿಂಕ್ ಪ್ಲೇಟೆಡ್, 100 ನಗ. ಗ್ರೇಡ್ 8ರ ನಟ್ 100, ಪ್ಲೇನ್ ವಾಷರ್ 200. ದರ ನಗಕ್ಕೆ, ಕಿಲೋಗಲ್ಲ." ಭಾರತೀಯ ಮಾನಕ ಬರೆಯುವವರು ಡಿನ್ ಬದಲು ಐಎಸ್ 1364 ಎಂದು ಬರೆಯಬಹುದು, ಅಲೆನ್ ಬೋಲ್ಟಿಗೆ ಐಎಸ್ 2269.

ಪೆಟ್ಟಿಗೆ ಬಂದ ಮೇಲೆ ಬಿಲ್ಲಿಗೆ ಸಹಿ ಹಾಕುವ ಮುಂಚೆ ಕೈಗೆ ಸಿಕ್ಕ ನಾಲ್ಕೈದನ್ನು ತೆಗೆದು ನೋಡಿ, ಮೇಲಿನವು ಮಾತ್ರವಲ್ಲ, ತಳದವನ್ನೂ. ತಲೆಯ ಗುರುತು, ಪಿಚ್, ಉದ್ದ ನೋಡಿ, ನಟ್ಟನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ. ನಿಮ್ಮ ನಿಮ್ಮ ಗಿರಣಿಯಿಂದ ಹಳೆಯ ಬೋಲ್ಟ್ ತನ್ನಿ ಎಂದು ಮೊದಲೇ ಹೇಳಿದ್ದೆವು. ತಂದವರು ಮುಂದೆ ಬನ್ನಿ, ಪಿಚ್ ಗೇಜ್ ಇಲ್ಲಿದೆ, ಒಂದೊಂದೇ ಅಳೆದು ಅದರ ಪೂರ್ತಿ ವಿವರ ನಿಮ್ಮ ಕೈಯಲ್ಲೇ ಬರೆಸುತ್ತೇನೆ.