ಉಪ್ಪಿಟ್ಟಿನ ದಿನ ತುಂಬುವ ಬಕೆಟ್

ಕೇಳುಗರಿಗೆ ನಮಸ್ಕಾರ.

ಹಾಸ್ಟೆಲಿನಲ್ಲಿದ್ದು ಓದಿದವರಿಗೆ ಉಪ್ಪಿಟ್ಟಿನ ಇನ್ನೊಂದು ಹೆಸರು ಗೊತ್ತೇ ಇರುತ್ತದೆ. ಕಾಂಕ್ರೀಟ್! ಕಾಲೇಜಿನ ಆವರಣವನ್ನು ಪರಿಸರಸ್ನೇಹಿ ಮಾಡುವ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ನಾನು ಆ ಕಾಂಕ್ರೀಟಿನಿಂದಲೇ ಶುರು ಮಾಡುತ್ತೇನೆ.

ನಾನು ಬಯಲುಸೀಮೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ ಕೂಡ ನನ್ನ ತಲೆಗೇ ಕಟ್ಟಿದ್ದಾರೆ. ಎರಡು ವರ್ಷದ ಹಿಂದೆ ಹುಡುಗರನ್ನು ಕಟ್ಟಿಕೊಂಡು ಒಂದು ಕೆಲಸ ಮಾಡಿದೆವು. ಒಂದು ತಿಂಗಳು ದಿನಾ ಹಾಸ್ಟೆಲಿನ ಮುಸುರೆ ಬಕೆಟ್ಟನ್ನು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ತೂಗಿದೆವು. ಎಷ್ಟು ಬಂತೋ ಅಷ್ಟನ್ನು ಊಟದ ಹಾಲಿನ ಬೋರ್ಡಿನ ಮೇಲೆ ಬರೆದೆವು. ದೋಸೆಯ ದಿನ 2 ಕೆಜಿ. ಚಿತ್ರಾನ್ನದ ದಿನ 5 ಕೆಜಿ. ಉಪ್ಪಿಟ್ಟಿನ ದಿನ 18 ಕೆಜಿ.

ಅನ್ನ ದೇವರು, ಎಸೆಯಬಾರದು ಅಂತ ಹುಡುಗರಿಗೆ ಒಂದು ಭಾಷಣ ಬಿಗಿಯೋಣ ಅಂದುಕೊಂಡೆ. ಅಡುಗೆ ಭಟ್ಟರು ನಕ್ಕುಬಿಟ್ಟರು. ‘ಸಾರ್, ಆರೂವರೆಗೆ ಇಳಿಸ್ತೀನಿ. ನಿಮ್ಮ ಹುಡುಗ್ರು ತಟ್ಟೆ ಹಿಡ್ಕೊಂಡು ಬರೋದು ಎಂಟೂಮುಕ್ಕಾಲಿಗೆ. ಅಷ್ಟೊತ್ತಿಗೆ ಅದು ಕಾಂಕ್ರೀಟ್ ಆಗದೆ ಇನ್ನೇನಾಗುತ್ತೆ?’ ಅಂದರು. ಅಲ್ವಾ? ಮಾರನೆಯ ವಾರದಿಂದ ರವೆಯನ್ನು ಒಟ್ಟಿಗೇ ಹುರಿದಿಟ್ಟು, ಎರಡು ಸಲ ಉಪ್ಪಿಟ್ಟು ಕೆದಕಿದರು. ಬಕೆಟ್ 6 ಕೆಜಿಗೆ ಇಳಿಯಿತು. ನನ್ನ ಭಾಷಣ ಹಾಗೇ ಉಳಿಯಿತು.

ಕೆಮಿಸ್ಟ್ರಿಯವನಾದ್ದರಿಂದ ಇದೊಂದು ಹೇಳಿಬಿಡುತ್ತೇನೆ. ಚೆಲ್ಲಿದ ಅನ್ನ ಕಸದ ರಾಶಿಯ ಅಡಿಯಲ್ಲಿ ಗಾಳಿಯಾಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ, ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ 25 ಪಟ್ಟಿಗೂ ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಅದೇ ಅನಿಲವನ್ನು ಹಿಡಿದಿಟ್ಟುಕೊಂಡರೆ ಒಲೆ ಉರಿಯುತ್ತದೆ. ಹಾಗಂತ ಯಾರೋ ಹೇಳಿದರು ಅಂತ ಗ್ಯಾಸ್ ಪ್ಲಾಂಟ್ ಕಟ್ಟಿಸಿ, ಆಮೇಲೆ ನೋಡಿಕೊಳ್ಳುವವರಿಲ್ಲದೆ ಬೀಗ ಹಾಕುವವರೂ ಇದ್ದಾರೆ.

ಇಲ್ಲಿ ನನಗೆ ಪುರ ನೆನಪಾಗುತ್ತದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಸಣ್ಣ ಹಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತೇವಲ್ಲ ಅಲ್ಲಿ, 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಅನ್ನುವ ಕೇಂದ್ರ ಶುರುವಾಯಿತು. ಹಿಂದೆ ನಿಂತವರು ಅಲ್ಲಿನ ವಿಜ್ಞಾನಿ ಅಮೂಲ್ಯ ರೆಡ್ಡಿ. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ಬಂದದ್ದು ಅಲ್ಲಿಂದಲೇ. ಪುರದಲ್ಲಿ ಅವರು ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಅಡುಗೆಗೆ ಗ್ಯಾಸ್ ಕೊಡುವುದು ಉದ್ದೇಶ. ಆದರೆ ಸಿಕ್ಕ ಸಗಣಿಯಿಂದ ಮನೆಮನೆಗೂ ಸಾಕಾಗುವಷ್ಟು ಗ್ಯಾಸ್ ಬರಲಿಲ್ಲ. ಊರವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ತೆಗೆದು, ಕೊಳವೆಬಾವಿಯ ನೀರು ಎತ್ತಿದರು. ಮನೆಗಳಿಗೆ ದೀಪವೂ ಬಂತು. ಆಮೇಲೆ ಜನ ಅದನ್ನು ತಮ್ಮದು ಅಂತ ನಡೆಸಿದರು.

ನಮ್ಮ ಕಾಲೇಜಿನ ನೀರಿನ ಕಥೆ ಹೇಳುತ್ತೇನೆ. ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1,000 ಚದರ ಮೀಟರ್ ತಾರಸಿಗೆ ಆರು ಲಕ್ಷ ಲೀಟರ್ ಆಯಿತು. ಆವಿಯಾಗಿದ್ದು, ಚೆಲ್ಲಿದ್ದು, ಕೊಳೆ ತೊಳೆಯಲು ಬಿಟ್ಟ ಮೊದಲ ಮಳೆ ಎಲ್ಲ ಕಳೆದರೂ 4 ಲಕ್ಷದ 80 ಸಾವಿರ ಲೀಟರ್ ಸಿಗುತ್ತದೆ ಅಂತಿಟ್ಟುಕೊಳ್ಳಿ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 80 ಟ್ಯಾಂಕರ್. ಅಷ್ಟನ್ನೂ ಚರಂಡಿಗೆ ಬಿಟ್ಟು ಮಾರ್ಚಿನಲ್ಲಿ ನಾವು ಟ್ಯಾಂಕರಿನವನಿಗೆ ಫೋನ್ ಮಾಡುತ್ತಿದ್ದೆವು. ಮಳೆನೀರು ಅಂದರೆ ಎ. ಆರ್. ಶಿವಕುಮಾರ್ ಅವರ ಹೆಸರು ಬರುತ್ತದೆ. ಬೆಂಗಳೂರಿನಂಥ ಊರಲ್ಲಿ ನಲ್ಲಿ ಸಂಪರ್ಕವೇ ಇಲ್ಲದೆ ಮಳೆನೀರಲ್ಲೇ ಸಂಸಾರ ಮಾಡಿ ತೋರಿಸಿದವರು. ನಾವು ಅಷ್ಟು ದೂರ ಹೋಗಿಲ್ಲ. ಲೈಬ್ರರಿ ತಾರಸಿಯ ಪೈಪುಗಳನ್ನು ಸೇರಿಸಿ, ನೀರನ್ನು ಸೋಸಿ, ಬತ್ತಿಹೋಗಿದ್ದ ಹಳೇ ಬಾವಿಗೆ ಬಿಟ್ಟಿದ್ದೇವೆ.

ಆದರೆ ಮಳೆನೀರಿಗಿಂತ ಮೊದಲೇ ಸಿಕ್ಕ ನೀರು ಬೇರೆ ಇದೆ. ಮೋಟಾರು ಹಾಕುವಾತ ಬೆಳಿಗ್ಗೆ ಸ್ವಿಚ್ ಒತ್ತಿ ಗಂಟೆ ಬಾರಿಸಲು ಹೋಗುತ್ತಿದ್ದ. ಟ್ಯಾಂಕ್ ತುಂಬಿ ಹರಿದು, ಹಿಂದಿನ ಗೋಡೆ ಪಾಚಿಗಟ್ಟಿದ ಮೇಲೆ ನೆನಪಾಗುತ್ತಿತ್ತು. ಎಷ್ಟೋ ಸಲ ಬೈದಿದ್ದೇವೆ. ಒಂದು ದಿನ ಜೊತೆಗೆ ಮೇಲೆ ಹತ್ತಿ ನೋಡಿದರೆ, ಟ್ಯಾಂಕ್ ಮಟ್ಟ ತಿಳಿಯಬೇಕೆಂದರೆ ಮೂರು ಮಹಡಿ ಹತ್ತಬೇಕು. ಆತನಿಗೆ ಮಂಡಿನೋವು. ನೀರಿನ ಮಟ್ಟ ನೋಡಿ ತಾನೇ ಮೋಟಾರು ಆರಿಸುವ ಫ್ಲೋಟ್ ಸ್ವಿಚ್ ಹಾಕಿಸಿದೆವು. ಬಂದ ಖರ್ಚು ಎರಡು ಟ್ಯಾಂಕರಿನ ದುಡ್ಡೂ ಆಗಲಿಲ್ಲ. ಸೋರುವ ನಲ್ಲಿಯದೂ ಇದೇ ಹಣೆಬರಹ. ನಿಮಿಷಕ್ಕೆ ಅರ್ಧ ಲೀಟರ್ ಸೋರಿದರೆ ದಿನಕ್ಕೆ 720 ಲೀಟರ್.

ಹುಡುಗಿಯರ ಹಾಸ್ಟೆಲಿನ ಸೋಲಾರ್ ವಾಟರ್ ಹೀಟರಿನಲ್ಲೂ ಒಂದು ಕಿತಾಪತಿ ಇದೆ. ತಾರಸಿಯಿಂದ ಕೆಳಮಹಡಿಗೆ ಬರುವ ಪೈಪಿನಲ್ಲಿ ರಾತ್ರಿಯ ತಣ್ಣೀರು ನಿಂತಿರುತ್ತದೆ. ಬಿಸಿ ಬರುವ ತನಕ ಹುಡುಗಿಯರು ಅದನ್ನು ಸುಮ್ನೆ ಬಿಡುತ್ತಾರೆ. ಈಗ ಅದಕ್ಕೇ ಒಂದು ಬಕೆಟ್ ಇಟ್ಟಿದ್ದೇವೆ. ಬಟ್ಟೆ ನೆನೆಹಾಕಲು, ನೆಲ ಒರೆಸಲು ಆಗುತ್ತದೆ.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ. ಹಳೇ ಫ್ಯಾನು 75 ವಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಕಾಲೇಜು ನಡೆಯುವುದೇ ಹಗಲಲ್ಲಿ, ಹಾಗಾಗಿ ತಾರಸಿ ಮೇಲಿನ ಸೋಲಾರ್ ಕರೆಂಟು ಬರುವ ಹೊತ್ತಿಗೇ ಖರ್ಚೂ ಆಗುತ್ತದೆ. ಬ್ಯಾಟರಿಯ ರಗಳೆ ಕಡಿಮೆ. ಬಿಸಿಲು ಕಾಯುವ ಏಪ್ರಿಲ್, ಮೇ ತಿಂಗಳಲ್ಲಿ ರಜೆ ಬರುತ್ತದೆ. ಉಳಿದ ಕರೆಂಟನ್ನು ಲೈನಿಗೆ ಬಿಡುವ ಮೀಟರ್ ಮೊದಲೇ ಹಾಕಿಸಿಕೊಂಡಿರಬೇಕು.

ಗಿಡಗಳ ಬಗ್ಗೆ ಹೇಳದಿದ್ದರೆ ಹೇಗೆ? ಕೆ. ಎಂ. ಮುನ್ಷಿ ಅವರು ಕೇಂದ್ರ ಮಂತ್ರಿಯಾಗಿದ್ದಾಗ, 1950ರಲ್ಲಿ ವನಮಹೋತ್ಸವ ಶುರು ಮಾಡಿದರು. ನಾವೂ ತಪ್ಪದೆ ಜುಲೈನಲ್ಲಿ ಸಸಿ ನೆಡುತ್ತೇವೆ. ಆ ತಿಂಗಳು ಮಳೆರಾಯ ನೀರು ಹಾಕುತ್ತಾನೆ. ರಜೆಯಲ್ಲಿ ಹಾಕುವವರು ಯಾರು? ಈ ಪ್ರಶ್ನೆ ಹೊಳೆಯಲು ನನಗೆ ನಾಲ್ಕು ವರ್ಷ ಬೇಕಾಯಿತು. ವರ್ಷವಿಡೀ ಆವರಣದಲ್ಲಿ ಇರುವುದು ವಾಚ್‌ಮನ್ ಸಂಸಾರ ಮಾತ್ರ. ಅವರ ಬಚ್ಚಲ ನೀರು ಹರಿಯುವ ಕಡೆ ಹತ್ತು ಹೊಂಗೆ ಸಸಿ ನೆಟ್ಟೆವು. ಒಂಬತ್ತು ಬದುಕಿವೆ. ಹತ್ತನೆಯದನ್ನು ತಿಂದ ಮೇಕೆಯೂ ಅವರದ್ದೇ.

ಇರುವ ಮರಗಳ ತರಗೆಲೆಗೆ ಫೆಬ್ರವರಿಯಲ್ಲಿ ಬೆಂಕಿ ಹಾಕುತ್ತಿದ್ದರು. ಬೆಳಿಗ್ಗೆ ಮೊದಲ ಕ್ಲಾಸಿನಲ್ಲಿ ಕೆಮ್ಮು. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ವಾರ ಮಾತ್ರ ಬೆಂಕಿ ಇಲ್ಲ, ಬಾಡಿಗೆಗೆ ತಂದ ಹೂಕುಂಡಗಳಿರುತ್ತಿದ್ದವು! ಗುಡಿಸುವ ಅಕ್ಕನನ್ನು ಕೇಳಿದರೆ ಆಕೆ ಹೇಳಿದ್ದು ಇಷ್ಟೇ. ‘ಗೊಬ್ಬರದ ಗುಂಡಿ ಆ ಮೂಲೇಲಿ ಮಾಡಿದೀರ ಸಾರ್, ಮಂಕರೀಲಿ ಹೊತ್ತು ಎಷ್ಟು ಸಲ ಹೋಗಲಿ?’ ಒಂದು ತಳ್ಳುಗಾಡಿ ಕೊಟ್ಟೆವು. ಇಟ್ಟಿಗೆಯ ಗುಂಡಿಗಳನ್ನು ಮರಗಳ ಹತ್ತಿರಕ್ಕೇ ತಂದೆವು. ಎಲೆ, ಸಗಣಿ ಬಗ್ಗಡ, ಮೇಲೆ ಸ್ವಲ್ಪ ಮಣ್ಣು.

ಮೊದಲ ಗುಂಡಿ ತೆಗೆದಾಗ ಗೊಬ್ಬರ ಚೆನ್ನಾಗಿತ್ತು. ಆದರೆ ನಡುನಡುವೆ ಹಾಲಿನ ಕೆನೆಯಂಥ ತೆಳುವಾದ ಪೊರೆ, ಒಂದೊಂದೂ ಲೋಟದ ಆಕಾರ. ಕ್ಯಾಂಟೀನಿನ ಪೇಪರ್ ಕಪ್ಪುಗಳು. ಪೇಪರ್ ಕರಗಿತ್ತು, ಒಳಗಿನ ಪ್ಲಾಸ್ಟಿಕ್ ಹಾಗೇ ಇತ್ತು. ಅದನ್ನು ಹಿಡಿದುಕೊಂಡೇ ಕ್ಯಾಂಟೀನಿಗೆ ಹೋದೆ. ಗಾಜಿನ ಲೋಟ ಇಡಿ ಅಂದೆ. ‘ಇಡ್ತೀನಿ ಸಾರ್, ತೊಳೆಯೋಕೆ ಒಬ್ಬರನ್ನ ಕೊಡಿ. ಒಡೆದದ್ದಕ್ಕೆ ದುಡ್ಡು ಯಾರು ಕೊಡ್ತಾರೆ ಹೇಳಿ’ ಅಂದರು ಅವರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸದ್ಯಕ್ಕೆ ಸ್ಟೀಲ್ ಲೋಟ ತಂದವರಿಗೆ ಟೀ ಒಂದು ರೂಪಾಯಿ ಕಡಿಮೆ ಅಂತ ಮಾತಾಗಿದೆ. ನನ್ನ ಬ್ಯಾಗಿನಲ್ಲೂ ಒಂದು ಲೋಟ ಇದೆ. ಮರೆತು ಹೋದ ದಿನ ಹುಡುಗರು ನೋಡುವ ಮೊದಲೇ ಟೀ ಕುಡಿದು ಬರುತ್ತೇನೆ.

ನಮಸ್ಕಾರ.