ಆನಿ ಡಿಫ್ರಾಂಕೊ ಸಾಕ್ಷ್ಯಚಿತ್ರ, ಮತ್ತು ನಾವು ಅಭಿಮಾನಿಗಳು ಆಡುತ್ತಿರುವ ಜಗಳ

ಪರದೆ ಮೇಲೆ ಕಾಣುತ್ತಿದೆಯಲ್ಲ, ಈ ಕೆಂಪು ಕಲ್ಲಿನ ಹಳೇ ಚರ್ಚ್, ಇದು ಇರುವುದು ಅಮೆರಿಕದ ಬಫಲೋದಲ್ಲಿ. ನ್ಯೂಯಾರ್ಕ್ ರಾಜ್ಯವೇ, ಆದರೆ ನೀವು ಸಿನಿಮಾದಲ್ಲಿ ನೋಡುವ ಆ ನ್ಯೂಯಾರ್ಕ್ ಅಲ್ಲ. ಅಲ್ಲಿಂದ ತುಂಬಾ ದೂರ, ಕೆನಡಾ ಗಡಿಗೆ ಅಂಟಿಕೊಂಡಿರುವ, ಒಂದು ಕಾಲದಲ್ಲಿ ಉಕ್ಕಿನ ಕಾರ್ಖಾನೆಗಳನ್ನೇ ನಂಬಿಕೊಂಡಿದ್ದ ಊರು. ಈ ಚರ್ಚನ್ನು ಕೆಡವಿಬಿಡೋಣ ಅಂತ 1990ರ ದಶಕದಲ್ಲಿ ಮಾತು ಎದ್ದಿತ್ತು. ಅದನ್ನು ತಡೆದು, ದುಡ್ಡು ಹಾಕಿ ರಿಪೇರಿ ಮಾಡಿಸಿ, ಸಂಗೀತದ ಹಾಲ್, ಕಲಾಕೇಂದ್ರ, ರೆಕಾರ್ಡ್ ಕಂಪನಿಯ ಆಫೀಸು ಎಲ್ಲಾ ಒಂದೇ ಸೂರಿನಡಿ ಬರುವ ಹಾಗೆ ಮಾಡಿದವರು ಇದೇ ಊರಿನ ಒಬ್ಬ ಹಾಡುಗಾರ್ತಿ ಮತ್ತು ಅವರ ಮ್ಯಾನೇಜರ್. ಹಾಡುಗಾರ್ತಿ ಆನಿ ಡಿಫ್ರಾಂಕೊ. ಮ್ಯಾನೇಜರ್ ಸ್ಕಾಟ್ ಫಿಶರ್. ಕಟ್ಟಡಕ್ಕೆ ಈಗ ಬೇಬ್‌ವಿಲ್ ಅಂತ ಹೆಸರು.

ಕಟ್ಟಡದ ಕತೆ ಇನ್ನೊಂದು ದಿನ ಹೇಳುತ್ತೇನೆ. ಇವತ್ತು ಮಾತಾಡಬೇಕಿರುವುದು ಆನಿ ಬಗ್ಗೆ ಬಂದ ಸಾಕ್ಷ್ಯಚಿತ್ರದ ಬಗ್ಗೆ. ಹೆಸರು 1-800-ಆನ್-ಹರ್-ಓನ್. ಡಾನಾ ಫ್ಲೋರ್ ನಿರ್ದೇಶನ. 2024ರ ಜೂನ್‌ನಲ್ಲಿ ಟ್ರೈಬೆಕಾ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು. ಆನ್ ಹರ್ ಓನ್ ಅಂದರೆ ತನ್ನ ಕಾಲ ಮೇಲೆ ತಾನೇ ಅಂತ. ಆ ಹೆಸರು ಒಂದು ಫೋನ್ ನಂಬರ್, ಅಂಕಿಗಳ ಬದಲು ಅಕ್ಷರದಲ್ಲಿ ಬರೆದಿದ್ದು. ಆನಿ ಅವರ ಸ್ವಂತ ಕಂಪನಿ ರೈಟಿಯಸ್ ಬೇಬ್ ರೆಕಾರ್ಡ್ಸ್‌ನ ಟೋಲ್ ಫ್ರೀ ನಂಬರ್ ಅದು. ಆಗ ಅಂಗಡಿಯಲ್ಲಿ ಅವರ ಕ್ಯಾಸೆಟ್ ಸಿಗದಿದ್ದರೆ ಅಭಿಮಾನಿಗಳು ಆ ನಂಬರಿಗೆ ಫೋನ್ ಮಾಡಿ ತರಿಸಿಕೊಳ್ಳುತ್ತಿದ್ದರು.

ಸಿನಿಮಾ ನೋಡಿದ ಮೇಲೆ ಅಭಿಮಾನಿಗಳ ನಡುವೆ ಎದ್ದಿರುವ ಜಗಳ ಏನು ಅಂದರೆ, "ಇದು ನಮ್ಮ ಆನಿ ಸಿನಿಮಾ ಅಲ್ಲ" ಅನ್ನೋರು ಒಂದು ಕಡೆ, "ಇದೇ ನಿಜವಾದ ಆನಿ" ಅನ್ನೋರು ಇನ್ನೊಂದು ಕಡೆ. ನನ್ನ ಜೊತೆ ಕೂತು ನೋಡಿದ ಗೆಳತಿ ಮೊದಲನೇ ಗುಂಪು. ತೊಂಬತ್ತರ ದಶಕದಿಂದ ಕೇಳಿಕೊಂಡು ಬಂದವಳು, ಅವಳ ಮಾತಿಗೆ ತೂಕ ಇದೆ. ನಾನು ಎರಡನೇ ಗುಂಪು, ಆದರೆ ಪೂರ್ತಿ ಅಲ್ಲ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಜಗಳ ಯಾಕೆ ಅಂತಲೇ ತಿಳಿಯುವುದಿಲ್ಲ. ಆನಿ ಹುಟ್ಟಿದ್ದು 1970ರಲ್ಲಿ, ಇದೇ ಬಫಲೋದಲ್ಲಿ. ಒಂಬತ್ತು ವರ್ಷದ ಹುಡುಗಿ ಆಗಿದ್ದಾಗಲೇ ಈ ಊರಿನ ಹಾಡುಗಾರ ಮೈಕೆಲ್ ಮೆಲ್ಡ್ರಮ್ ಜೊತೆ ಗಿಟಾರ್ ಹಿಡಿದು ಜನರ ಮುಂದೆ ನಿಂತವರು. ಹದಿನೈದಕ್ಕೆ ಮನೆಯಿಂದ ಬೇರೆಯಾಗಿ ತಮ್ಮ ಕಾಲ ಮೇಲೆ ಬದುಕಲು ಶುರು ಮಾಡಿದವರು. 1990ರಲ್ಲಿ ಮೊದಲ ಆಲ್ಬಮ್, ಅದೂ ಸ್ವಂತ ಕಂಪನಿ ಹೆಸರಿನಲ್ಲಿ. ಆ ಆಲ್ಬಮ್‌ನಲ್ಲೇ ಗರ್ಭಪಾತದ ಬಗ್ಗೆ ಒಂದು ಹಾಡಿದೆ. ಯಾರದೋ ಕತೆ ಅಂತ ದೂರ ನಿಂತು ಹೇಳಿದ್ದಲ್ಲ, ಕ್ಲಿನಿಕ್ಕಿಗೆ ಹೋದ ಹೆಣ್ಣುಮಗಳೇ ನೇರವಾಗಿ ಹೇಳುವ ಹಾಡು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಒಂದು ಗಿಟಾರ್ ಹಿಡಿದು ಕಾಲೇಜು, ಬಾರು, ಕಾಫಿ ಅಂಗಡಿ ಅಂತ ಊರೂರು ಸುತ್ತಿ ಅದನ್ನು ಹಾಡಿದಳು ಅನ್ನೋದನ್ನು ಒಮ್ಮೆ ಯೋಚಿಸಿ ನೋಡಿ.

ದೊಡ್ಡ ಕಂಪನಿಗಳು ಕರೆದವು. ಹೋಗಲಿಲ್ಲ. ಕ್ಯಾಸೆಟ್, ಟಿ-ಶರ್ಟ್, ಪೋಸ್ಟರ್ ಎಲ್ಲಾ ಆದಷ್ಟು ಬಫಲೋದಲ್ಲೇ ಮಾಡಿಸಿದರು, ಊರಿನ ಪ್ರಿಂಟರ್‌ಗಳಿಗೆ ಕೆಲಸ ಸಿಕ್ಕಿತು. ಮಧ್ಯದಲ್ಲಿ ಕಂಪನಿ ಇಲ್ಲದ್ದರಿಂದ ಒಂದೊಂದು ಆಲ್ಬಮ್‌ಗೂ ಅವರ ಕೈಗೆ ಬರುತ್ತಿದ್ದ ಪಾಲು ದೊಡ್ಡ ಸ್ಟಾರ್‌ಗಳಿಗಿಂತ ಜಾಸ್ತಿ ಇತ್ತು. 1997ರಲ್ಲಿ ಮಿಸ್ ಅನ್ನುವ ಸ್ತ್ರೀವಾದಿ ಪತ್ರಿಕೆ ಇದನ್ನೇ ಎತ್ತಿ ಹೊಗಳಿತು. ಹೂಟಿ ಅಂಡ್ ದ ಬ್ಲೋಫಿಶ್ ಅಂತ ಆಗ ಭಾರೀ ಮಾರಾಟ ಆಗುತ್ತಿದ್ದ ಬ್ಯಾಂಡ್, ಒಂದು ಆಲ್ಬಮ್ ಲೆಕ್ಕದಲ್ಲಿ ಅವರಿಗಿಂತ ಜಾಸ್ತಿ ಸಂಪಾದಿಸುವ ಹೆಣ್ಣುಮಗಳು ಅಂತ ಬರೆಯಿತು. ಬೇರೆಯವರಾಗಿದ್ದರೆ ಆ ಪುಟಕ್ಕೆ ಫ್ರೇಮ್ ಹಾಕಿಸುತ್ತಿದ್ದರು. ಆನಿ ಪತ್ರಿಕೆಗೆ ಬಹಿರಂಗ ಪತ್ರ ಬರೆದು ಆಕ್ಷೇಪ ಎತ್ತಿದರು: ಹಾಡು, ರಾಜಕೀಯ, ಜನರ ಜೊತೆಗಿನ ಸಂಬಂಧ ಎಲ್ಲಾ ಬಿಟ್ಟು ನನ್ನನ್ನು ಡಾಲರ್ ಲೆಕ್ಕದಲ್ಲಿ ಯಾಕೆ ಅಳೆಯುತ್ತೀರಿ ಅಂತ. ಹೊಗಳಿದವರ ಜೊತೆಗೂ ಜಗಳಕ್ಕೆ ನಿಲ್ಲುವ ಈ ಸ್ವಭಾವ ಇದೆಯಲ್ಲ, ನಾನು ಆನಿ ಅಭಿಮಾನಿ ಆಗಿದ್ದೇ ಅದಕ್ಕೆ.

ಇಂಥ ಆನಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸಿನಿಮಾಕ್ಕೆ ಹೋದವರಿಗೆ ತೆರೆಯ ಮೇಲೆ ಕಾಣುವುದು ಐವತ್ತು ದಾಟುತ್ತಿರುವ ಒಬ್ಬ ತಾಯಿ. ನ್ಯೂ ಓರ್ಲಿಯನ್ಸ್‌ನ ಮನೆ, ಇಬ್ಬರು ಮಕ್ಕಳು, ಗಂಡ ಮೈಕ್ ನೆಪೊಲಿಟಾನೊ. ಹಳೇ ವೇದಿಕೆಯ ದೃಶ್ಯಗಳೂ ಇವೆ, ಇಲ್ಲ ಅಂತಲ್ಲ. ಆದರೆ ಸಿನಿಮಾದ ಜೀವ ಇರುವುದು ಈಗಿನ ಬದುಕಿನಲ್ಲಿ. ಕೋವಿಡ್ ಬಂತು, ಟೂರ್ ನಿಂತಿತು, ಮೂವತ್ತು ವರ್ಷ ರಸ್ತೆಯಲ್ಲೇ ಬದುಕಿದವರು ಮನೆಯಲ್ಲಿ ಕೂತರು. ಗೆಳತಿ ಕೇಳಿದ ಪ್ರಶ್ನೆ ಇದು: "ಹೋರಾಟ ಎಲ್ಲಿ ಹೋಯ್ತು? ಯೂಟಾ ಫಿಲಿಪ್ಸ್ ಎಲ್ಲಿ? ಪೀಟ್ ಸೀಗರ್ ಎಲ್ಲಿ?"

ಒಳ್ಳೇ ಪ್ರಶ್ನೆ. ಯೂಟಾ ಫಿಲಿಪ್ಸ್ ಅಂದರೆ ರೈಲುಗಳಲ್ಲಿ ಅಲೆದ, ಕಾರ್ಮಿಕ ಸಂಘಟನೆಯ ಕತೆಗಳನ್ನು ಹೇಳುತ್ತಾ ಹಾಡುತ್ತಿದ್ದ ಹಿರಿಯ. ಅವರ ಕತೆಗಳ ಧ್ವನಿಮುದ್ರಣ ತೆಗೆದುಕೊಂಡು, ಅದರ ಕೆಳಗೆ ತಮ್ಮ ತಾಳ, ವಾದ್ಯ ಸೇರಿಸಿ ಆನಿ 1996ರಲ್ಲಿ ಒಂದು ಆಲ್ಬಮ್ ಮಾಡಿದರು. 1999ರಲ್ಲಿ ಇಬ್ಬರೂ ಸೇರಿ ಇನ್ನೊಂದು. ಇಪ್ಪತ್ತರ ಹರೆಯದ ಕೇಳುಗರಿಗೆ ಹಳೇ ಕಾರ್ಮಿಕ ಹೋರಾಟದ ನೆನಪನ್ನು ಇವರು ದಾಟಿಸಿದ್ದು ಹೀಗೆ. 2012ರಲ್ಲಿ, 1931ರ ಕೆಂಟಕಿ ಗಣಿ ಮುಷ್ಕರದಲ್ಲಿ ಫ್ಲಾರೆನ್ಸ್ ರೀಸ್ ಬರೆದ ಹಾಡನ್ನು ಹೊಸ ಸಾಲುಗಳ ಜೊತೆ ಹಾಡಿದಾಗ, ಹೋರಾಟದ ಹಾಡುಗಳಿಗೇ ಹೆಸರಾದ ಹಿರಿಯ ಹಾಡುಗಾರ ಪೀಟ್ ಸೀಗರ್ ಬ್ಯಾಂಜೊ ನುಡಿಸಿದರು. ಜಾಥಾಗಳಲ್ಲಿ ತಮಟೆ ಜೊತೆ ಹೋರಾಟದ ಹಾಡು ಕೇಳಿ ಬೆಳೆದ ನನಗೆ ಆನಿ ಸಂಗೀತದಲ್ಲಿ ಮೊದಲು ಹಿಡಿಸಿದ್ದೇ ಈ ನಂಟು. ಇದಕ್ಕೆ ಇನ್ನಷ್ಟು ಜಾಗ ಸಿಕ್ಕಿದ್ದರೆ ನನಗೂ ಖುಷಿಯಾಗುತ್ತಿತ್ತು.

ಆದರೂ ಮನೆಯ ದೃಶ್ಯಗಳನ್ನು ತೆಗೆದುಹಾಕಿ ಆ ಜಾಗಕ್ಕೆ ಇದನ್ನು ತುಂಬಿ ಅಂತ ನಾನು ಹೇಳುವುದಿಲ್ಲ. ಯಾಕೆ ಗೊತ್ತಾ, ಸ್ವತಂತ್ರ ಕಲಾವಿದೆ ಅಂದಾಗ ನಾವು ಚಪ್ಪಾಳೆ ಹೊಡೆಯುತ್ತೇವೆ, ಆ ಸ್ವಾತಂತ್ರ್ಯದ ಬಿಲ್ ಯಾರು ಕಟ್ಟುತ್ತಾರೆ ಅಂತ ಕೇಳುವುದಿಲ್ಲ. ದೊಡ್ಡ ಕಂಪನಿ ಇಲ್ಲ ಅಂದರೆ ಅಡ್ವಾನ್ಸ್ ಇಲ್ಲ. ಆಫೀಸಿನ ಬಾಡಿಗೆ, ಕೆಲಸದವರ ಸಂಬಳ, ಹೊಸ ಕಲಾವಿದರ ಆಲ್ಬಮ್ ಖರ್ಚು, ಎಲ್ಲಾ ಕೊನೆಗೆ ಒಬ್ಬರ ಟೂರ್ ಮೇಲೆ ನಿಂತಿರುತ್ತದೆ. ಡಿಸ್ಕ್ ಮಾರಾಟ ಆಗುತ್ತಿದ್ದಾಗ ಹೇಗೋ ನಡೆಯಿತು. ಈಗ ಸ್ಟ್ರೀಮಿಂಗ್‌ನಲ್ಲಿ ಯಾರೋ ಒಂದು ಸಲ ಹಾಡು ಕೇಳಿದರೆ ಒಂದು ಸೆಂಟ್ ಕೂಡ ಪೂರ್ತಿ ಬರುವುದಿಲ್ಲ. ಒಂದೊಂದು ಡಿಸ್ಕಿಗೆ ಜಾಸ್ತಿ ಪಾಲು ಅನ್ನುವ ಆ ಹಳೇ ಲೆಕ್ಕ ಡಿಸ್ಕೇ ಮಾರದ ಕಾಲದಲ್ಲಿ ಏನಾಗಬೇಕು ಹೇಳಿ? ಹೋಗಿ ಹಾಡಬೇಕು, ಮನೆ ಬಿಟ್ಟು ಹೋಗಬೇಕು, ಮಕ್ಕಳು ಮಲಗುವ ಹೊತ್ತಿಗೆ ಇನ್ಯಾವುದೋ ಊರಿನಲ್ಲಿ ಇರಬೇಕು. ಅದೂ ಕೋವಿಡ್‌ನಲ್ಲಿ ನಿಂತುಹೋಯಿತು. ಹೀಗಿರುವಾಗ ಮನೆಯ ದೃಶ್ಯಗಳು ಹೋರಾಟದಿಂದ ಬೇರೆ ಅಂತ ನನಗೆ ಅನ್ನಿಸುವುದಿಲ್ಲ. ದೊಡ್ಡ ಕಂಪನಿಗೆ ಬೇಡ ಅಂದ ಹೆಣ್ಣುಮಗಳ ಮನೆ ಮೂವತ್ತು ವರ್ಷದ ನಂತರ ಹೇಗಿರುತ್ತದೆ ಅಂತ ಯಾರೂ ತೋರಿಸಿರಲಿಲ್ಲ, ಇವರು ತೋರಿಸಿದರು. ಗಂಡಸು ಹಾಡುಗಾರರ ಸಿನಿಮಾಗಳಲ್ಲಿ ಮಕ್ಕಳನ್ನು ಯಾರು ನೋಡಿಕೊಂಡರು ಅನ್ನುವ ಪ್ರಶ್ನೆಯೇ ಸಾಮಾನ್ಯವಾಗಿ ಬರುವುದಿಲ್ಲ, ಅಲ್ವಾ?

ಇನ್ನೊಂದು ದೂರು ಜಸ್ಟಿನ್ ವರ್ನನ್ ಬಗ್ಗೆ. ಬಾನ್ ಐವರ್ ಹೆಸರಿನಲ್ಲಿ ಹಾಡುವವರು. ಸಿನಿಮಾದಲ್ಲಿ ಆನಿ ಅವರ ಜೊತೆ ಸೇರಿ ಹಾಡು ಬರೆಯಲು ಪ್ರಯತ್ನಿಸುತ್ತಾರೆ. ಇಷ್ಟು ವರ್ಷ ಒಬ್ಬರೇ ಬರೆದವರು ಈಗ ತಮಗಿಂತ ಹತ್ತು ವರ್ಷ ಚಿಕ್ಕ ಗಂಡಸಿನ ಬಳಿ ಯಾಕೆ ಹೋಗಬೇಕು, ಇದು ತಲೆ ಬಗ್ಗಿಸಿದ ಹಾಗೆ ಅಲ್ಲವಾ ಅನ್ನೋದು ಕೆಲವರ ಸಿಟ್ಟು. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಮೊದಲನೆಯದಾಗಿ ವರ್ನನ್ ಹೊರಗಿನವರಲ್ಲ. ಹಾಡುಗಾರ್ತಿ ಅನೈಸ್ ಮಿಚೆಲ್ ಗ್ರೀಕ್ ಪುರಾಣದ ಕತೆ ಇಟ್ಟುಕೊಂಡು ಬರೆದ ಹಾಡುನಾಟಕ ಹೇಡ್ಸ್‌ಟೌನ್ ಮೊದಲು ಆಲ್ಬಮ್ ಆಗಿ ಬಂದಿದ್ದು 2010ರಲ್ಲಿ, ಆನಿಯ ಕಂಪನಿಯಿಂದಲೇ. ಅದರಲ್ಲಿ ಆರ್ಫಿಯಸ್ ಪಾತ್ರ ಹಾಡಿದವರು ವರ್ನನ್, ಪರ್ಸೆಫೊನಿ ಹಾಡಿದವರು ಆನಿ. ಅದು ಮುಂದೆ ಬ್ರಾಡ್‌ವೇ ನಾಟಕವಾಗಿ ಟೋನಿ ಪ್ರಶಸ್ತಿ ಗೆದ್ದಿತು, 2024ರಲ್ಲಿ ಆನಿ ಅದೇ ಪಾತ್ರವನ್ನು ಬ್ರಾಡ್‌ವೇ ವೇದಿಕೆಯಲ್ಲೇ ಮಾಡಿದರು. ಎರಡನೆಯದು, ಆನಿ ಯಾವತ್ತೂ ನಿಜವಾಗಿ ಒಬ್ಬರೇ ಇರಲಿಲ್ಲ. ಮೆಲ್ಡ್ರಮ್ ಇದ್ದರು. ನ್ಯೂಯಾರ್ಕ್ ನಗರದ ನ್ಯೂ ಸ್ಕೂಲ್ ಅನ್ನುವ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಕವಿ ಸೆಕೂ ಸುಂಡಿಯಾಟ ಇದ್ದರು, ಮುಂದೆ ಆ ಗುರುವಿನ ಆಲ್ಬಮನ್ನು ಶಿಷ್ಯೆಯ ಕಂಪನಿಯೇ ತಂದಿತು. ಫಿಶರ್ ಇದ್ದರು. 1999ರಲ್ಲಿ ಪಾಪ್ ತಾರೆ ಪ್ರಿನ್ಸ್ ಇವರ ಆಲ್ಬಮ್‌ನಲ್ಲಿ ಹಾಡಿದರು, ಇವರು ಪ್ರಿನ್ಸ್ ಆಲ್ಬಮ್‌ನಲ್ಲಿ ಗಿಟಾರ್ ನುಡಿಸಿದರು. ಒಂಟಿ ವೀರವನಿತೆ ಅನ್ನುವ ಚಿತ್ರ ನಾವು ಅಭಿಮಾನಿಗಳು ಬರೆದುಕೊಂಡಿದ್ದು.

ಬರೆದುಕೊಂಡು ಅದನ್ನು ಅವರ ಮೇಲೆ ಹೇರಿದ್ದೂ ನಾವೇ. 1998ರಲ್ಲಿ ಆನಿ ತಮ್ಮ ಸೌಂಡ್ ಎಂಜಿನಿಯರ್ ಆಗಿದ್ದ ಗಂಡಸೊಬ್ಬರನ್ನು (ಈಗಿನ ಗಂಡ ನೆಪೊಲಿಟಾನೊ ಅಲ್ಲ) ಮದುವೆಯಾದಾಗ, ಹೆಂಗಸರನ್ನೇ ಪ್ರೀತಿಸುವ ಅಭಿಮಾನಿ ಹೆಂಗಸರಲ್ಲಿ ಮೋಸ ಮಾಡಿದಳು ಅಂದವರಿದ್ದರು. ಗಂಡಸರನ್ನೂ ಹೆಂಗಸರನ್ನೂ ಪ್ರೀತಿಸುತ್ತೇನೆ ಅಂತ ಅವರು ಮೊದಲಿಂದಲೂ ಹಾಡಿನಲ್ಲೇ ಹೇಳಿದ್ದರು, ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಆದರೂ ನೋವಾಯಿತು ಅಂದರು. ತಮ್ಮಂಥವರ ಬಗ್ಗೆ ಹಾಡುವ ಒಂದೇ ಧ್ವನಿ ಅಂತ ನಂಬಿದ್ದವರ ನೋವು ನನಗೆ ಅರ್ಥವಾಗುತ್ತದೆ. ಅದಕ್ಕಾಗಿ ಒಬ್ಬರು ಯಾರನ್ನು ಮದುವೆಯಾಗಬೇಕು ಅಂತ ನಾವು ಹೇಳೋದು ಸರಿಯಲ್ಲ.

ಆದರೆ ಒಂದು ವಿಷಯದಲ್ಲಿ ಅಭಿಮಾನಿಗಳೇ ಸರಿ. ಆನಿ ಬಗ್ಗೆ ಮಾತು ಎದ್ದಾಗಲೆಲ್ಲ ಇದು ಬಂದೇ ಬರುತ್ತದೆ, ಬರಲೇಬೇಕು. 2013ರ ಕೊನೆಗೆ, ಲೂಯಿಸಿಯಾನದ ನಾಟೊವೇ ಪ್ಲಾಂಟೇಶನ್‌ನಲ್ಲಿ ಹಾಡು ಬರೆಯುವ ಶಿಬಿರ ಮಾಡುತ್ತೇವೆ ಅಂತ ಪ್ರಕಟಣೆ ಬಂತು. ಅದು ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡು ದುಡಿಸಿದ ಕಬ್ಬಿನ ತೋಟ. ಸಮಾನತೆಯ ಹಾಡು ಹಾಡುವವರು ಅಲ್ಲಿಗೆ ದುಡ್ಡು ಕೊಟ್ಟು ಬನ್ನಿ ಅಂದರೆ ಜನ ಸುಮ್ನೆ ಇರುತ್ತಾರಾ? ಮೊದಲು ಪ್ರಶ್ನೆ ಎತ್ತಿದವರಲ್ಲಿ ಕಪ್ಪು ಹೆಣ್ಣುಮಕ್ಕಳು ಮುಂದೆ ಇದ್ದರು. ಆನಿ ಡಿಸೆಂಬರ್ 29ಕ್ಕೆ ಶಿಬಿರ ರದ್ದು ಮಾಡಿದರು. ಜೊತೆಗೆ ಬರೆದ ಉದ್ದನೆಯ ಹೇಳಿಕೆಯಲ್ಲಿ ಕ್ಷಮೆಗಿಂತ ಸಮಜಾಯಿಷಿಯೇ ಜಾಸ್ತಿ ಇತ್ತು. ಜನ ಇನ್ನೂ ಕೆರಳಿದರು. ಕೆಲವೇ ದಿನಗಳಲ್ಲಿ ಎರಡನೇ ಹೇಳಿಕೆ ಬಂತು, ಅದರಲ್ಲಿ ನೇರವಾಗಿ ಕ್ಷಮೆ ಕೇಳಿದರು.

ಕೆಲವು ಅಭಿಮಾನಿಗಳು ಅವತ್ತೇ ಬಿಟ್ಟುಹೋದರು, ಮತ್ತೆ ಬರಲಿಲ್ಲ. "ಕ್ಷಮೆ ಕೇಳಿದರಲ್ಲ, ಇನ್ನೂ ಎಷ್ಟು ದಿನ" ಅನ್ನೋರ ಮಾತು ನಾನು ಒಪ್ಪುವುದಿಲ್ಲ. ನೋವಾದವರು ಯಾವಾಗ ಮರೆಯಬೇಕು ಅಂತ ನೋವಾಗದವರು ಹೇಳುವುದು ಸರಿಯಲ್ಲ. ನೇರ ಮಾತಿಗೆ ಹೆಸರಾದ ಕಲಾವಿದೆ ಮೇಲೆ ನೇರವಾದ ಪ್ರಶ್ನೆ ಬಂದಾಗ, ಆ ಮೊದಲ ಹೇಳಿಕೆಯಲ್ಲಿ ಆನಿ ನನಗೆ ತುಂಬಾ ಚಿಕ್ಕವರಾಗಿ ಕಂಡರು. ಇದನ್ನು ಹೇಳದೆ ಅವರ ಬಗ್ಗೆ ವಿಡಿಯೊ ಮಾಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಅವರನ್ನು ಪ್ರೀತಿಸುತ್ತೇನೆ, ಈ ವಿಷಯದಲ್ಲಿ ಅವರ ಪರ ಮಾತಾಡುವುದಿಲ್ಲ.

ಕೊನೆಯ ದೂರು ನನ್ನದೇ. ಗಿಟಾರ್! ಈ ಸಿನಿಮಾದಲ್ಲಿ ನನಗೆ ಗಿಟಾರ್ ಇನ್ನೂ ಬೇಕಿತ್ತು. ಆನಿ ಅಂದರೆ ಮಾತು, ಆನಿ ಅಂದರೆ ರಾಜಕೀಯ ಅಂತಲೇ ಎಲ್ಲರೂ ಬರೆಯುತ್ತಾರೆ, ಆ ಬಲಗೈ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಬೆರಳಿಗೆ ಅಂಟಿಸುವ ಉಗುರು ಹಾಕಿಕೊಂಡು, ಅದು ಕಿತ್ತುಬರಬಾರದು ಅಂತ ಮೇಲೆ ಎಲೆಕ್ಟ್ರಿಕಲ್ ಟೇಪ್ ಸುತ್ತಿ, ತಂತಿಗಳನ್ನು ಮೀಟುವುದರ ಜೊತೆಗೆ ಬಡಿಯುತ್ತಾರೆ. ಒಂದೇ ಅಕೂಸ್ಟಿಕ್ ಗಿಟಾರಿನಲ್ಲಿ ಕೆಳಗೆ ಬೇಸ್, ಮಧ್ಯೆ ತಾಳ, ಮೇಲೆ ರಾಗ. ಹಾಡಿಗೊಂದು ಶ್ರುತಿ, ಅದಕ್ಕೇ ಒಂದು ಕಛೇರಿಯಲ್ಲಿ ಗಿಟಾರ್ ಮೇಲೆ ಗಿಟಾರ್ ಬದಲಾಯಿಸುತ್ತಲೇ ಇರುತ್ತಾರೆ. ಬಾರಿನಲ್ಲಿ ಕುಡಿದು ಗಲಾಟೆ ಮಾಡುವವರ ಮುಂದೆ ಒಬ್ಬರೇ ನಿಂತು ಹಾಡಬೇಕಿದ್ದ ಹುಡುಗಿಗೆ ಅಷ್ಟು ಜೋರಾದ ಕೈ ಬೇಕಿತ್ತು, ಬೆಳೆಸಿಕೊಂಡರು. ಒಂದೈದು ನಿಮಿಷ ಸುಮ್ನೆ ಆ ಕೈ ಮೇಲೆ ಕ್ಯಾಮೆರಾ ಇಟ್ಟಿದ್ದರೆ ಸಾಕಿತ್ತು, ಗೆಳತಿಯ ಅರ್ಧ ಸಿಟ್ಟೂ ಇಳಿಯುತ್ತಿತ್ತೇನೋ.

ಆನಿಯನ್ನು ಇನ್ನೂ ಕೇಳದವರಿಗೆ ನನ್ನದೊಂದು ಮಾತು: ಸಿನಿಮಾದಿಂದ ಶುರು ಮಾಡಬೇಡಿ. 1997ರ ಲೈವ್ ಡಬಲ್ ಆಲ್ಬಮ್ ಮೊದಲು ಕೇಳಿ, ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಜನ ಕೂಗುವುದೂ ಸೇರಿ. ಆಮೇಲೆ 2021ರ ಆಲ್ಬಮ್. ಇವೆರಡರ ನಡುವೆ ಧ್ವನಿಯಲ್ಲಿ ಏನು ಬದಲಾಗಿದೆ ಅಂತ ನಿಮಗೇ ಗೊತ್ತಾಗುತ್ತದೆ. ಆಮೇಲೆ ಸಿನಿಮಾ ನೋಡಿ, ಮನೆಯ ದೃಶ್ಯಗಳು ಜಾಸ್ತಿ ಆಯಿತಾ ಇಲ್ಲವಾ ನನಗೆ ಬರೆಯಿರಿ. ಗೆಳತಿಯ ಪಕ್ಷ ಹಿಡಿದವರು ಖಂಡಿತ ಬರೆಯಿರಿ, ಅವಳಿಗೂ ಓದಿ ಹೇಳುತ್ತೇನೆ.